ಹೊರಗಿನ ಅಗುಳಿ

ಮಾರ್ಚ್ 3, ಸೋಮವಾರ

ವೆಲ್ಡಿಂಗ್ ರಾಡ್ ಮತ್ತೆ ತೇವ. ಬೆಳಿಗ್ಗೆಯೆಲ್ಲ ಬಿಸಿಲಿಗೆ ಹರಡಿ ಕೂತಿದ್ದೆ. ಒಂದು ಗೇಟು ಅರ್ಧಕ್ಕೇ ನಿಂತಿದೆ. ಗೋಣಿ ಯಾಕೆ ಮುಚ್ಚಲಿಲ್ಲ ಎಂದು ಮೇಸ್ತ್ರಿ ಕೇಳಿದರು. ಮರೆತೆ ಅಂದೆ.

"ಬೇರೆಯವರಾಗಿದ್ರೆ ಗೋಣಿ ಇಲಿ ಎಳ್ಕೊಂಡು ಹೋಯ್ತು ಅಂತಾದ್ರೂ ಹೇಳ್ತಿದ್ರು. ನೀನು ಕಡ್ಡಿ ಮುರಿದ ಹಾಗೆ ಮರೆತೆ ಅಂತೀಯ. ಬೈಯೋಕೂ ಮಜಾ ಇಲ್ಲ."

ಅದಕ್ಕೇ ಈ ಶೆಡ್ಡಿನಲ್ಲಿ ನನ್ನ ಹೆಸರು ಕಡ್ಡಿ.

ಮಧ್ಯಾಹ್ನ ಭಾವ ಬಂದರು, ಅಕ್ಕನ ಗಂಡ. ಶಾಲೆಯ ವ್ಯಾನ್ ಓಡಿಸುತ್ತಿದ್ದವರು, ವರ್ಷದಿಂದ ಬಿಟ್ಟಿದ್ದಾರೆ. ಈಗ ಪೂರ್ತಿ ಸಭೆಯ ಕೆಲಸ. ಸಭೆಯವರು ತಮ್ಮನ್ನು 'ಕಾಯುವವರು' ಅಂದುಕೊಳ್ಳುತ್ತಾರೆ. ಕಾಯುವುದು ಲೋಕ ಮುಗಿಯುವುದನ್ನು. ಬೀದಿಯವರು 'ಕೊನೇ ಬಸ್ಸಿನವರು' ಅನ್ನುತ್ತಾರೆ, ಭಾವನಿಗೆ ಕೇಳುವ ಹಾಗೇ. ಭಾವ ನಕ್ಕು ಸುಮ್ಮನಾಗುತ್ತಾರೆ.

ಒಂದು ಬಾಗಿಲಿನ ಆರ್ಡರ್, ಚೀಟಿಯಲ್ಲಿ. ಏಳಡಿ ಎತ್ತರ, ನಾಲ್ಕಡಿ ಅಗಲ, ದಪ್ಪ ಶೀಟು. ಹೊರಕ್ಕೆ ತೆರೆಯುವುದು. ಅಗುಳಿ ಹೊರಗಡೆ. ಒಳಗೆ ಏನೂ ಇಲ್ಲ. ಹಿಡಿ ಕೂಡ ಇಲ್ಲ.

"ಭಾವ, ಅಗುಳಿ ತಪ್ಪು ಕಡೆ ಬರೆದಿದ್ದಾರೆ."

"ಸರಿಯಾಗೇ ಇದೆ. ಸ್ಟೋರಿಗೆ."

"ಸ್ಟೋರಿಗೆ ಅಂದ್ರೆ ಬೀಗಕ್ಕೆ ತೂತು ಬೇಡ್ವಾ?"

"ಬೀಗ ಬೇಡ. ಅಗುಳಿ ಸಾಕು."

ಬೀಗವಿಲ್ಲದ ಸ್ಟೋರು. ಇರಲಿ. ಹೇಳಿದ ಹಾಗೆ ಮಾಡುವುದು ನನ್ನ ಕೆಲಸ.

ಮಾರ್ಚ್ 6, ಗುರುವಾರ

ಬಾಗಿಲು ಮುಗಿಯಿತು. ಅಗುಳಿ ಹೋಗಿ ಕೂರುವ ಕೊಂಡಿಗೆ ಸುತ್ತಲೂ ಬೆಸುಗೆ ಎಳೆದೆ. ಒಂದೇ ಉಸಿರಿನ ಗೆರೆ, ಎಲ್ಲೂ ತುಂಡಾಗಿಲ್ಲ. ಮೇಸ್ತ್ರಿ ಸುತ್ತಿಗೆಯಿಂದ ಬಡಿದು ನೋಡಿದರು. "ಆನೆ ಗುದ್ದಿದ್ರೆ ಗೋಡೆ ಬೀಳಬೇಕು, ಇದು ಬೀಳಲ್ಲ." ಅವರು ಹೊಗಳುವುದು ವರ್ಷಕ್ಕೊಮ್ಮೆ. ಈ ವರ್ಷದ್ದು ಮುಗಿಯಿತು.

ಸಂಜೆ ನನ್ನ ಹಳೆಯ ಕ್ಲಾಸಿನವನೊಬ್ಬ ಗಾಡಿಯಲ್ಲಿ ಹೋದ. ನೋಡಿ ನೋಡದ ಹಾಗೆ. ಮೂರು ವರ್ಷ ಆಯಿತು. ಪರೀಕ್ಷೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದಿದ್ದರು. ಯಾರು ಬರೆದದ್ದು ಎಂದು ತಪಾಸಣೆಯವರು ಕೇಳಿದರು. ಎಲ್ಲರೂ ನೆಲ ನೋಡಿದರು. ನಾನು ಹೇಳಿದೆ. ಇಡೀ ಕ್ಲಾಸಿನ ಪರೀಕ್ಷೆ ರದ್ದು. ಸೈಕಲ್ ಸ್ಟ್ಯಾಂಡಿನಲ್ಲಿ ಕ್ಲಾಸಿನವರೇ ಸೇರಿ ಹೊಡೆದರು. ಆಮೇಲೆ ಶಾಲೆಗೆ ಹೋಗಲಿಲ್ಲ.

ಅಕ್ಕ ಒಬ್ಬಳೇ ಬೈಯಲಿಲ್ಲ. "ನಮ್ಮನೆಯವರಿಗೆ ಸುಳ್ಳು ಹೇಳೋಕೆ ನಾಲಿಗೇನೇ ಇಲ್ಲ ಕಣೋ. ಏನ್ಮಾಡೋದು."

ಮಾರ್ಚ್ 10, ಸೋಮವಾರ

ಬಾಗಿಲು ಕೂರಿಸಿ ಬಂದೆ. ಸ್ಟೋರಿಗಲ್ಲ.

ಸಭೆಯ ಹಾಲಿಗೆ. ಮೊದಲು ಯಾರದೋ ಗೋದಾಮು. ಕಿಟಕಿಗಳಿಗೆಲ್ಲ ಹೊಸ ಇಟ್ಟಿಗೆ ಕಟ್ಟಿದ್ದಾರೆ, ಸಿಮೆಂಟು ಇನ್ನೂ ಹಸಿ. ಹಿಂದಿನ ಸಣ್ಣ ಬಾಗಿಲೂ ಇಟ್ಟಿಗೆ. ಇರುವುದು ನಾನು ಕೂರಿಸಿದ್ದೊಂದೇ. ಒಳಗೆ ಕುರ್ಚಿಗಳು. ಐವತ್ತೇಳು, ಎಣಿಸಿದೆ. ಪ್ರತಿ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು.

ಗುಬ್ಬಿ ಓಡಿ ಬಂದಳು. ಅಕ್ಕನ ಮಗಳು, ಏಳು ವರ್ಷ. "ಮಾಮ, ನಂದು ಇಪ್ಪತ್ನಾಲ್ಕು. ಅಮ್ಮಂದು ಇಪ್ಪತ್ಮೂರು." ಕೂತು ತೋರಿಸಿದಳು. ಕಾಲು ನೆಲ ಮುಟ್ಟುವುದಿಲ್ಲ.

ಅವರ ಹಿರಿಯರನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಮೊದಲು ಕನ್ನಡಕದ ಅಂಗಡಿಯಲ್ಲಿದ್ದರಂತೆ. ದನಿ ಮೆತ್ತಗೆ. ಮಾತಿನ ಕೊನೆಗೆ "ಈಗ ಕಾಣ್ತಾ?" ಅನ್ನುತ್ತಾರೆ, ಗ್ಲಾಸು ಬದಲಿಸಿ ಕೇಳುವ ಹಾಗೆ. ಅಗುಳಿ ಹಾಕಿ, ತೆಗೆದು, ಮತ್ತೆ ಹಾಕಿದರು.

"ಒಳಗಿಂದ ತಳ್ಳಿದ್ರೆ?"

"ಬರಲ್ಲ" ಅಂದೆ.

"ಎಷ್ಟು ಜನ ತಳ್ಳಿದ್ರೂ?"

"ಬರಲ್ಲ."

ನಿಜವನ್ನೇ ಹೇಳಿದೆ.

ಮಾರ್ಚ್ 11, ಮಂಗಳವಾರ

ಊಟದ ಬಿಡುವಿನಲ್ಲಿ ಅಕ್ಕನ ಮನೆಗೆ ಹೋದೆ. ಮನೆ ಖಾಲಿಯಾಗುತ್ತಿದೆ. ಮಂಚ ಇಲ್ಲ, ಕಪಾಟು ಇಲ್ಲ. ಅಡುಗೆಮನೆಯಲ್ಲಿ ಎರಡು ಪಾತ್ರೆ, ಮೂರು ತಟ್ಟೆ.

ನೇರವಾಗಿ ಕೇಳಿದೆ. ನೇರವಾಗಿ ಹೇಳಿದಳು.

ಹೋದ ವರ್ಷವೂ ಒಂದು ದಿನ ಗೊತ್ತಾಗಿತ್ತಂತೆ. ಎಲ್ಲರೂ ಕೂತು ಕಾದರಂತೆ. ಕೊನೇ ಗಳಿಗೆಯಲ್ಲಿ ಯಾರೋ ಚಿಲಕ ತೆಗೆದು ಆಚೆ ಹೋದರಂತೆ. ಅದಕ್ಕೇ ಏನೂ ಆಗಲಿಲ್ಲವಂತೆ. ಮೇಲಿಂದ ಬರಬೇಕಿದ್ದ ಬೆಂಕಿ ಬಾಗಿಲ ತನಕ ಬಂದು ವಾಪಸ್ ಹೋಯಿತಂತೆ.

"ಈ ಸಲ ಇಪ್ಪತ್ತೇಳಕ್ಕೆ. ನಾಲ್ಕು ಗಂಟೆಗೆ. ಈ ಸಲ ಯಾರೂ ಎದ್ದು ಹೋಗಬಾರದು."

"ಅದಕ್ಕೆ ಅಗುಳಿ ಹೊರಗಾ?"

"ನಾವೇ ಕೇಳಿದ್ದು. ಕೊನೇಲಿ ಮನಸ್ಸು ಕೈಕೊಡುತ್ತೆ ಕಣೋ. ಕೈಕೊಟ್ಟರೂ ಬಾಗಿಲು ಕೊಡಬಾರದು."

"ನಾಲ್ಕು ಗಂಟೆಗೆ ಏನೂ ಬರದಿದ್ರೆ?"

ಅಕ್ಕ ತಟ್ಟೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸಿದಳು.

"ಬರದಿದ್ರೆ ನಾವೇ ಹೊತ್ತಿಸಿ ಕರೀಬೇಕು."

ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ತಲೆಬಾಗಿಲ ಪಕ್ಕ ಐದು ಕ್ಯಾನು ಸೀಮೆಎಣ್ಣೆ ಇತ್ತು. ಒಳಗೆ ಬರುವಾಗ ಅದನ್ನು ದಾಟಿಕೊಂಡೇ ಬಂದಿದ್ದೆ.

"ಗುಬ್ಬಿ?"

"ಅವಳನ್ನ ಇಲ್ಲಿ ಬಿಟ್ಟು ನಾನು ಹೇಗೋ ಹೋಗ್ಲಿ?"

ಅಗುಳಿ ಹಾಕುವುದು ಭಾವ. ಅವರೊಬ್ಬರೇ ಹೊರಗೆ ಉಳಿಯುತ್ತಾರೆ. ಅದು ಎಲ್ಲರಿಗಿಂತ ದೊಡ್ಡ ತ್ಯಾಗವಂತೆ. ಅಕ್ಕ ಹೆಮ್ಮೆಯಿಂದ ಹೇಳಿದಳು.

ಶೆಡ್ಡಿಗೆ ಬಂದು ಏನು ಕೆಲಸ ಮಾಡಿದೆನೋ ಗೊತ್ತಿಲ್ಲ.

ಮಾರ್ಚ್ 12, ಬುಧವಾರ

ಪೊಲೀಸ್ ಸ್ಟೇಷನ್. ಮೇಜಿನ ಮುಂದೆ ಬರೆದುಕೊಳ್ಳುವ ಪೊಲೀಸಪ್ಪ ಪೂರ್ತಿ ಕೇಳಿಸಿಕೊಂಡರು.

"ಬಾಗಿಲು ಮಾಡಿದ್ದು ಯಾರು?"

"ನಾನೇ."

"ಅಗುಳಿ ಹೊರಗಿಟ್ಟಿದ್ದು?"

"ನಾನೇ."

"ಹಾಗಾದ್ರೆ ಯಾರ ಮೇಲಪ್ಪ ಕಂಪ್ಲೇಂಟು? ನಿನ್ನ ಮೇಲೇ ನೀನಾ?" ಪಕ್ಕದವರು ನಕ್ಕರು. ಆದರೂ ಹೋಗಿ ನೋಡಿ ಬಂದರು. ಸಂಜೆ ಶೆಡ್ಡಿಗೇ ಬಂದು ಹೇಳಿದರು. "ಕುರ್ಚಿ ಇದೆ, ಹಾಡ್ತಾರೆ, ನನಗೂ ಟೀ ಕೊಟ್ರು. ಮನೇಲೂ ನೋಡ್ದೆ, ಎಣ್ಣೆ ಗಿಣ್ಣೆ ಏನಿಲ್ಲ. ನಿಮ್ಮಕ್ಕ ಬಾಯಿ ಬಿಡಲಿಲ್ಲ. ಲೋಕ ಮುಳುಗುತ್ತೆ ಅನ್ನೋರನ್ನೆಲ್ಲ ಒಳಗೆ ಹಾಕಿದ್ರೆ ನಮ್ಮನೆ ಅತ್ತೇನೂ ಒಳಗೇ ಇರಬೇಕು."

ಮೇಸ್ತ್ರಿಗೆ ಹೇಳಿದೆ. ಗ್ರೈಂಡರಿನ ವೈರು ಸುತ್ತತೊಡಗಿದರು. ಕೊನೆಗೆ, "ಹತ್ತು ದಿನದ ಭೇಟಿ ಇದೆಯಲ್ಲ" ಅಂದರು. ಅಷ್ಟೇ. ಎದ್ದು ಹೋದರು.

ನಮ್ಮ ಶೆಡ್ಡಿನ ಪದ್ಧತಿ ಅದು. ಭಾರದ ಬಾಗಿಲು ಹತ್ತು ದಿನದಲ್ಲಿ ಸ್ವಲ್ಪ ಜಗ್ಗುತ್ತದೆ. ಗಿರಾಕಿ ಕರೆಯದಿದ್ದರೂ ನಾವೇ ಹೋಗಿ ಸರಿ ಮಾಡಿ ಬರಬೇಕು.

ಮಾರ್ಚ್ 17, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಪುಸ್ತಕ ತೆಗೆದರೆ ಕ್ಯಾನುಗಳೇ ಕಾಣುತ್ತವೆ.

ಹೋದ ವರ್ಷ ಎದ್ದು ಹೋದವರನ್ನು ಹುಡುಕಿದೆ. ಇಸ್ತ್ರಿ ಅಂಗಡಿಯ ಅಜ್ಜ. ಮೂರನೇ ಬೀದಿಯಲ್ಲೇ ಇದ್ದಾರೆ. ಎಡಗೈಯಲ್ಲಿ ಇಸ್ತ್ರಿ ಹಿಡಿದಿದ್ದರು. ಬಲಗೈ ಮೇಲೆ ಬಟ್ಟೆ ಹಾಸಿಕೊಂಡಿದ್ದರು.

"ಯಾಕೆ ಎದ್ದು ಹೋದ್ರಿ ಅಜ್ಜ? ನಂಬಿಕೆ ಹೋಯ್ತಾ?"

"ನಂಬಿಕೆ ಎಲ್ಲಿ ಹೋಗುತ್ತೆ. ಉಚ್ಚೆ ಬಂತು." ನಗುತ್ತಲೇ ಹೇಳಿದರು. "ಮೂರು ಗಂಟೆ ಕಟ್ಕೊಂಡಿದ್ದೆ. ಎಪ್ಪತ್ತೆರಡು ವರ್ಷ ನನಗೆ. ಲೋಕ ಉಳಿಸಿದ್ದು ಯಾರು ಅಂತ ಯಾರಾದ್ರೂ ಕೇಳಿದ್ರೆ ಹೇಳು, ನನ್ನ ಮೂತ್ರಕೋಶ ಅಂತ."

ನಾನೂ ನಕ್ಕೆ. ಆಗ ಬಟ್ಟೆ ಸರಿಸಿದರು. ಎರಡು ಬೆರಳಿಲ್ಲ.

"ಚಿಲಕ ತೆಗೆದ ಬೆರಳು. ಕೂರಿಸಿಕೊಂಡು, ಸಮಾಧಾನ ಹೇಳಿ, ನೀರು ಕುಡಿಸಿ, ಆಮೇಲೆ. ಯಾರೂ ಕೋಪ ಮಾಡ್ಕೊಂಡಿರಲಿಲ್ಲ ಮಗ. ಅದೇ ನನಗೆ ಇನ್ನೂ... ನಿಮ್ಮ ಭಾವನೇ ಕೈ ಹಿಡ್ಕೊಂಡಿದ್ದ. ಅಳ್ತಿದ್ದ ಪಾಪ."

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನನ್ನ ಹೆಂಡ್ತಿ ಇನ್ನೂ ಅಲ್ಲೇ ಇದ್ದಾಳೆ. ಹನ್ನೊಂದನೇ ನಂಬರು" ಅಂದರು.

ಭಾವ ಗುಬ್ಬಿಗೆ ಜಡೆ ಹಾಕುವುದನ್ನು ನೋಡಿದ್ದೇನೆ. ಅದೇ ಕೈ.

ಮಾರ್ಚ್ 20, ಗುರುವಾರ

ಹತ್ತು ದಿನದ ಭೇಟಿ. ಗ್ರೈಂಡರ್, ಸಣ್ಣ ವೆಲ್ಡಿಂಗ್ ಮಷಿನ್, ಬಣ್ಣದ ಡಬ್ಬಿ.

ಬಾಗಿಲು ಜಗ್ಗಿದೆ ಅಂದೆ. ಜಗ್ಗಿರಲಿಲ್ಲ. ಅದು ಮೊದಲನೆಯ ಸುಳ್ಳು.

ಕೊಂಡಿ ಎರಡು ನೂಲು, ಅಂದರೆ ಕಾಲಿಂಚು, ಕೆಳಗೆ ಹೋಗಬೇಕು ಅಂದೆ. ಎರಡನೆಯದು.

ನನ್ನ ಗೆರೆಯನ್ನು ನಾನೇ ಉಜ್ಜಿ ತೆಗೆದೆ. ಕೊಂಡಿ ಕೈಗೆ ಬಂತು. ಮತ್ತೆ ಅಲ್ಲೇ ಇಟ್ಟು ಟ್ಯಾಕ್ ಮಾತ್ರ ಹಾಕಿದೆ. ಟ್ಯಾಕ್ ಅಂದರೆ ಎರಡು ಚುಕ್ಕಿ ಬೆಸುಗೆ, ಪೂರ್ತಿ ಕೆಲಸ ಆಗುವ ತನಕ ಹಿಡಿದಿಡಲು ಹಾಕುವುದು. ಉಳಿದ ಸಂದಿಗೆ ಬಣ್ಣದವರು ಬಳಸುವ ಪುಟ್ಟಿ ಮೆತ್ತಿದೆ. ಗೆರೆಯ ಹಾಗೇ ಉಬ್ಬಿಸಿದೆ. ಮೇಲೆ ಬಣ್ಣ. ನಾಲ್ಕು ಜನ ಭುಜ ಕೊಟ್ಟರೆ ಕಿತ್ತು ಬರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಇಷ್ಟು ಕೆಟ್ಟ ಕೆಲಸವನ್ನು ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ.

ಹಿರಿಯರು ಬಂದು ಬೆರಳಿನಿಂದ ಸವರಿದರು. ಬೆರಳಿಗೆ ಬಣ್ಣ ಅಂಟಿತು.

"ಮೊದಲಿನಷ್ಟೇ ಗಟ್ಟಿ ತಾನೇ?"

"ಹೂಂ."

ಮೂರನೆಯದು.

ಮಾರ್ಚ್ 22, ಶನಿವಾರ

ಗುಬ್ಬಿಯನ್ನು ಎತ್ತಿಕೊಂಡು ಬಂದುಬಿಡೋಣ ಎಂದು ಹೋದೆ. ಈಗ ಎಲ್ಲರೂ ಹಾಲಿನಲ್ಲೇ ಇರುತ್ತಾರೆ. ಹಿಂದಿನ ನಲ್ಲಿಯ ಹತ್ತಿರ ಸಿಕ್ಕಳು. ನನ್ನ ಜೊತೆ ಬಾ ಅಂದೆ. ಬೀದಿಯ ತುದಿಯ ತನಕ ಬಂದಳು. ಅಲ್ಲಿ ನಿಂತುಬಿಟ್ಟಳು.

"ನಾನು ಬಂದ್ರೆ ಇಪ್ಪತ್ನಾಲ್ಕು ಖಾಲಿ ಆಗುತ್ತೆ ಮಾಮ. ಅಮ್ಮ ಒಬ್ಬಳೇ ಆಗ್ತಾಳೆ."

ಎತ್ತಿಕೊಂಡೆ. ಕಿರುಚಿದಳು. ಭಾವ ಮತ್ತು ಇನ್ನಿಬ್ಬರು ಓಡಿ ಬಂದರು. ಭಾವ ಹೊಡೆಯಲಿಲ್ಲ. ಮಗುವನ್ನು ನನ್ನ ಕೈಯಿಂದ ಬಿಡಿಸಿಕೊಂಡು ನನ್ನ ತಲೆ ಸವರಿದರು. "ಸುಸ್ತಾಗಿದ್ದೀಯ. ಮನೆಗೆ ಹೋಗು" ಅಂದರು.

ಹೊಡೆದಿದ್ದರೆ ಚೆನ್ನಾಗಿತ್ತು.

ಮಾರ್ಚ್ 24, ಸೋಮವಾರ

ಅಕ್ಕನಿಗೆ ಹೇಳಿಬಿಟ್ಟೆ.

ಎರಡು ದಿನ ಯೋಚಿಸಿದೆ. ತಳ್ಳಿದರೆ ಬರುತ್ತದೆ ಎಂದು ಒಳಗಿರುವವರಿಗೆ ಗೊತ್ತೇ ಇಲ್ಲದಿದ್ದರೆ ಯಾರು ತಳ್ಳುತ್ತಾರೆ? ಬರುವುದಿಲ್ಲ ಎಂದು ನಾನೇ ಹೇಳಿದ್ದೆ, ಎಲ್ಲರೆದುರು. ಒಬ್ಬರಿಗಾದರೂ ಗೊತ್ತಿರಬೇಕು.

ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಹೇಳಿದೆ — ಅದು ಬರೀ ಬಣ್ಣ ಅಕ್ಕ, ಒಳಗೇನಿಲ್ಲ, ಜೋರಾಗಿ ತಳ್ಳಿದರೆ ಸಾಕು.

ಅಕ್ಕನ ಮುಖ ಸುಣ್ಣ ಬಳಿದ ಹಾಗಾಯಿತು.

"ಯಾಕೆ ಹೇಳಿದೆ? ನನಗೆ ಯಾಕೋ ಹೇಳಿದೆ?"

ಅಲ್ಲಿ ಒಂದು ರೂಢಿ ಇದೆ. ದಿನಾ ಸಂಜೆ ಹಿರಿಯರು ಒಬ್ಬೊಬ್ಬರನ್ನೇ ನಿಲ್ಲಿಸಿ, ಏನಾದರೂ ಬಚ್ಚಿಟ್ಟಿದ್ದೀರಾ ಎಂದು ಕೇಳುತ್ತಾರೆ. ಇಲ್ಲ ಅಂದರೆ ಕೂರಬಹುದು.

"ಇವತ್ತು ಕೇಳ್ತಾರೆ. ನಾನು ಇಲ್ಲ ಅನ್ನಲ್ಲ. ನಿನಗೆ ಗೊತ್ತು."

ಗೊತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಬಾಯಿಂದ ಇಡೀ ಕ್ಲಾಸು ಹೋಯಿತು. ಈಗ...

ಮಾರ್ಚ್ 25, ಮಂಗಳವಾರ

ಯಾರೂ ಶೆಡ್ಡಿಗೆ ಬಂದು ಕೇಳಲಿಲ್ಲ. ಬೇರೆ ಕಡೆಯಿಂದ ವೆಲ್ಡರ್ ಕರೆಸಿರಬಹುದು. ಎದುರು ರಸ್ತೆಯಿಂದ ನೋಡಿದೆ, ಕೊಂಡಿಯ ಮೇಲೆ ನನ್ನ ಬಣ್ಣವೇ ಇದ್ದ ಹಾಗಿದೆ. ದೂರ. ಖಾತ್ರಿಯಿಲ್ಲ.

ಅಕ್ಕ ನಲ್ಲಿಯ ಹತ್ತಿರ ಬರಲಿಲ್ಲ.

ಮಾರ್ಚ್ 26, ಬುಧವಾರ

ಇವತ್ತೂ ಬರಲಿಲ್ಲ. ಮತ್ತೆ ಸ್ಟೇಷನ್. ಅಜ್ಜನನ್ನೂ ಕರೆದುಕೊಂಡು ಹೋದೆ. ಅಜ್ಜ ಬಲಗೈಯನ್ನು ಮೇಜಿನ ಮೇಲಿಟ್ಟರು. ಬರೆಯುವ ಪೊಲೀಸಪ್ಪ ಪೆನ್ನು ಕೆಳಗಿಟ್ಟರು. ಈ ಸಲ ಯಾರೂ ನಗಲಿಲ್ಲ. ಮೇಲಿನವರಿಗೆ ಕಳಿಸಿದ್ದೇನೆ, ನಾಳೆಗೆ ಜನ ಬರುತ್ತಾರೆ ಅಂದರು.

ಮಾರ್ಚ್ 27, ಗುರುವಾರ, ಮಧ್ಯಾಹ್ನ 3.20

ಹಾಲಿನ ಎದುರು ಟೈರ್ ಅಂಗಡಿಯ ಕಟ್ಟೆ. ಪೊಲೀಸಪ್ಪ ಒಬ್ಬರೇ ಬಂದಿದ್ದಾರೆ, ಮಾಮೂಲಿ ಬಟ್ಟೆಯಲ್ಲಿ. ಜನ ಇನ್ನೂ ಬಂದಿಲ್ಲ. ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ.

ಎಲ್ಲರೂ ಒಳಗೆ ಹೋದರು. ತೊಳೆದ ಬಟ್ಟೆ, ತಲೆ ಬಾಚಿಕೊಂಡು. ಫೋಟೋ ತೆಗೆಸಿಕೊಳ್ಳಲು ಹೋಗುವವರ ಹಾಗೆ. ಅಕ್ಕ ಇತ್ತ ತಿರುಗಲಿಲ್ಲ. ಗುಬ್ಬಿ ಕೈ ಬೀಸಿದಳು.

ಭಾವ ಅಗುಳಿ ಎಳೆದರು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಕೈಯಲ್ಲಿ ವ್ಯಾನಿನ ಜಾಕ್ ರಾಡ್.

ಒಳಗೆ ಹಾಡು. ಗುಬ್ಬಿಯ ದನಿ ಎಲ್ಲಕ್ಕಿಂತ

ಮಾರ್ಚ್ 30, ಭಾನುವಾರ

ಬಲಗೈ ಮುರಿದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ನಾಲ್ಕಾಯಿತು. ಏನೂ ಬರಲಿಲ್ಲ. ನಾಲ್ಕೂ ಐದು. ಏನೂ ಇಲ್ಲ. ಪೊಲೀಸಪ್ಪ ಉಸಿರು ಬಿಟ್ಟರು. ಆಗ ಹಾಡು ನಿಂತಿತು. ಇಟ್ಟಿಗೆಯ ಸಂದಿಯಿಂದ ಹೊಗೆ.

ಓಡಿದೆವು. ಭಾವ ರಾಡ್ ಬೀಸಿದರು. ಪೊಲೀಸಪ್ಪನಿಗೆ ತಲೆಗೆ. ನನಗೆ ಕೈಗೆ. ಅಗುಳಿ ನನ್ನಿಂದ ಒಂದು ಮೊಳ ದೂರ. ಮುಟ್ಟಲಾಗಲಿಲ್ಲ. ಭಾವ ಅಳುತ್ತಿದ್ದರು. ಅಳುತ್ತಲೇ ಹೊಡೆಯುತ್ತಿದ್ದರು. "ಇನ್ನು ಸ್ವಲ್ಪ ಹೊತ್ತು ಕಣೋ, ಇನ್ನು ಸ್ವಲ್ಪೇ ಹೊತ್ತು" ಅನ್ನುತ್ತಿದ್ದರು, ಇಂಜೆಕ್ಷನ್ ಹಾಕಿಸುವಾಗ ಮಕ್ಕಳಿಗೆ ಹೇಳುವ ಹಾಗೆ.

ಒಳಗಿಂದ ಧಡ್ ಅಂತು. ಇನ್ನೊಂದು ಸಲ. ಮೂರನೆಯದಕ್ಕೆ ಕೊಂಡಿ ಹಾರಿ ರಸ್ತೆಗೆ ಬಿತ್ತು. ಬಾಗಿಲು ಭಾವನನ್ನೂ ತಳ್ಳಿಕೊಂಡು ತೆರೆಯಿತು.

ಜನ ಬಂದರು. ಕೆಮ್ಮುತ್ತ, ತೆವಳುತ್ತ, ಒಬ್ಬರ ಮೇಲೊಬ್ಬರು. ಮುಂದೆ ಗುಬ್ಬಿ. ಮೂವತ್ತೈದು ಜನ.

ಆಮೇಲೆ ಯಾರೂ ಬರಲಿಲ್ಲ.

ಬಾಗಿಲು ಪೂರ್ತಿ ತೆರೆದಿತ್ತು. ಬಿಸಿಲು ಒಳಗೆ ಬಿದ್ದಿತ್ತು. ಮೊದಲ ಎರಡು ಸಾಲು ಕಾಣುತ್ತಿತ್ತು. ಕೂತಿದ್ದರು. ಕುರ್ಚಿ ಬಿಟ್ಟು ಏಳಲಿಲ್ಲ. ಬನ್ನಿ ಎಂದು ಕೂಗಿದೆವು. ಇಸ್ತ್ರಿ ಅಜ್ಜ ಬೀದಿಯ ತುದಿಯಿಂದ ಓಡಿ ಬಂದು ಹೆಂಡತಿಯನ್ನು ಕರೆದರು, ದೊಡ್ಡ ದನಿಯಲ್ಲಿ, ಮದುವೆಯಾದ ಮೇಲೆ ಯಾವತ್ತೂ ಕರೆಯದ ಹಾಗೆ ಹೆಸರು ಹಿಡಿದು. ಒಂದನೇ ನಂಬರಿನಲ್ಲಿ ಹಿರಿಯರು. ಅವರು ಮೋಸಗಾರ ಎಂದುಕೊಂಡಿದ್ದೆ. ಅವರಿಗೊಂದು ಗುಟ್ಟಿನ ದಾರಿ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಹೊಗೆ ಮುಚ್ಚಿತು. ಒಳಗೆ ನುಗ್ಗಲು ಹೋದೆ. ಯಾವಾಗ ಬಂದಿದ್ದರೋ, ಮೇಸ್ತ್ರಿ ನನ್ನ ಸೊಂಟ ಹಿಡಿದುಕೊಂಡು ಬಿಡಲಿಲ್ಲ.

ಇಷ್ಟು ದಿನ ನಾನು ಅಗುಳಿಯನ್ನೇ ನೋಡುತ್ತಿದ್ದೆ.

ಇಪ್ಪತ್ತೆರಡು ಜನ. ಅಕ್ಕ.

ಏಪ್ರಿಲ್ 2, ಬುಧವಾರ

ಸ್ಟೇಷನ್ನಿನ ಅಂಗಳದಲ್ಲಿ ಬಾಗಿಲು ಒರಗಿಸಿಟ್ಟಿದ್ದಾರೆ. ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡ ಪೊಲೀಸಪ್ಪ ಕೊಂಡಿಯನ್ನು ಒಂದು ಕವರಿನಲ್ಲಿಟ್ಟು ತೋರಿಸಿದರು. ಎರಡು ಚುಕ್ಕಿ. ನನ್ನವೇ. ಬೇರೆ ಯಾರೂ ಮುಟ್ಟಿರಲಿಲ್ಲ.

ಅಂದರೆ ಅಕ್ಕ ಹೇಳಿರಲಿಲ್ಲ.

ಸುಳ್ಳು ಹೇಳಿದಳಾ? ಅಕ್ಕ? ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ. ಮನೆಗೆ ಬಂದು ಗುಬ್ಬಿಯನ್ನು ಕೇಳಿದೆ. ಕೇಳಬಾರದಿತ್ತೇನೋ. ಕೇಳಿದೆ.

"ಹಿರಿಯರು, ಏನಾದ್ರೂ ಬಚ್ಚಿಟ್ಟಿದ್ದೀಯಾ ಅಂದ್ರು. ಅಮ್ಮ, ಇಟ್ಟಿದ್ದೀನಿ, ಹೇಳಲ್ಲ ಅಂದ್ಲು."

"ಆಮೇಲೆ?"

"ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ರು. ಎರಡು ದಿನ. ಊಟ ಇಲ್ಲ. ಅಪ್ಪಾನೇ ಬಂದು ಕೇಳಿದ್ರು. ಹೇಳಲ್ಲ ಅಂದ್ಲು. ಕೊನೇ ದಿನ ಹಿರಿಯರು, ಕುರ್ಚಿ ಬಿಟ್ಟು ಹೋಗಲ್ಲ ಅಂತ ಮಾತು ಕೊಡು ಸಾಕು ಅಂದ್ರು. ಅಮ್ಮ ಕೊಟ್ಲು."

ನಿಧಾನವಾಗಿ ಹೇಳಿದಳು, ಪಾಠ ಒಪ್ಪಿಸುವ ಹಾಗೆ.

"ಬೆಂಕಿ ಬಂದಾಗ ಅಮ್ಮ ನನ್ನನ್ನ ಎತ್ಕೊಂಡು ಬಾಗಿಲ ಹತ್ರ ಓಡಿದ್ಲು. ಎಲ್ಲರಿಗೂ ಕೂಗಿ ಹೇಳಿದ್ಲು, ತಳ್ಳಿ, ಅದು ಬರೀ ಬಣ್ಣ ಅಂತ. ಅವಳೇ ಮೊದಲು ತಳ್ಳಿದ್ದು. ತೆಗೀತಲ್ಲಾ, ನನ್ನನ್ನ ಆಚೆ ನೂಕಿದ್ಲು."

"ಅವಳು?"

"ವಾಪಸ್ ಹೋಗಿ ಇಪ್ಪತ್ಮೂರರಲ್ಲಿ ಕೂತ್ಕೊಂಡ್ಲು."

ಏಪ್ರಿಲ್ 5, ಶನಿವಾರ, ಬೆಳಿಗ್ಗೆ 9

ಗುಬ್ಬಿ ನನ್ನ ರೂಮಿನಲ್ಲೇ ಇದ್ದಾಳೆ. ಬಾಗಿಲು ಹಾಕಲು ಬಿಡುವುದಿಲ್ಲ. ಬಚ್ಚಲಿನದ್ದೂ. ಮೇಸ್ತ್ರಿ ನಿನ್ನೆ ಬಂದು ಎಲ್ಲ ಬಾಗಿಲಿನ ಚಿಲಕ ಬಿಚ್ಚಿಕೊಂಡು ಹೋದರು. ಯಾರೂ ಹೇಳಿರಲಿಲ್ಲ.

ಭಾವ ಲಾಕಪ್ಪಿನಲ್ಲಿ. ಬೆಂಕಿ ಬಂತಾ, ಮೇಲಿಂದ ಬಂತಾ ಎಂದು ಎಲ್ಲರನ್ನೂ ಕೇಳುತ್ತಾರಂತೆ.

ಈಗ ಹಾಲು ಕುಡಿಯುತ್ತ ಗುಬ್ಬಿ ಕೇಳಿದಳು. "ಮಾಮ, ಬಾಗಿಲು ತೆಗೆದಿದೆ ಅಂತ ಅಮ್ಮನಿಗೆ ಗೊತ್ತಿತ್ತಲ್ಲಾ?"

ಗೊತ್ತಿತ್ತು ಅಂದೆ.

"ನಾನು ಆಚೆ ಇದ್ದೀನಿ ಅಂತಾನೂ ಗೊತ್ತಿತ್ತು."

ಹೂಂ ಅಂದೆ.

"ಮತ್ತೆ ಯಾಕೆ ವಾಪಸ್ ಹೋದ್ಲು?"

ಒಂದು ನಿಮಿಷ ಇರು ಎಂದು ಈ ಪುಸ್ತಕ ತೆಗೆದಿದ್ದೇನೆ. ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾಳೆ. ಹೊಗೆಯಲ್ಲಿ ದಾರಿ ತಪ್ಪಿತು ಎಂದು ಹೇಳಿದರೆ ಮುಗಿಯಿತು. ನಾಲ್ಕನೆಯ ಸುಳ್ಳು ಅದು. ನಂಬುತ್ತಾಳೆ, ಏಳು ವರ್ಷ. ನಿಜ ಹೇಳಿದರೆ... ಮಾತು ಕೊಟ್ಟಿದ್ದಳು, ನಮ್ಮನೆಯವರು ಹಾಗೇ ಎಂದು ಇವಳಿಗೂ ನಾನೇ ಕಲಿಸಿದ ಹಾಗೆ

ಬಂದೆ ಗುಬ್ಬಿ. ಹೇಳ್ತೀನಿ. ಅಮ್ಮ